ಮರ ಬಿತ್ತು, ಕಲ್ಲು ಉಳಿಯಿತು

ಸ್ಕಂದಗಿರಿಗೆ ಜನ ಮಂಜು ನೋಡಲು ಹತ್ತುತ್ತಾರೆ. ಮಂಜು ಕರಗಿದ ಮೇಲೆ ಕಾಣುವುದು ಉರುಳಿದ ಕೋಟೆ, ಸೀಳಿದ ಬೆಟ್ಟ, ಬಿಳಿ ದೂಳು. ಒಡೆದು ಬಿದ್ದದ್ದನ್ನೇ ಕೈಗೆತ್ತಿಕೊಂಡು ಮತ್ತೆ ಕಟ್ಟುವ ಕಲೆಯನ್ನು ಜಗತ್ತು ಜರ್ಮನಿಯಲ್ಲಿ, ಸಿಸಿಲಿಯಲ್ಲಿ, ಚೀನಾದಲ್ಲಿ ಕಂಡಿದೆ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆಯೊಬ್ಬರ ಕೈಯಲ್ಲೂ ಕಂಡಿದೆ. ಆ ಕಲೆಗೆ ಬೇಕಾದ ಕಲ್ಲು, ಮರ, ನೋವು ಎಲ್ಲವೂ ಚಿಕ್ಕಬಳ್ಳಾಪುರದ ಮಣ್ಣಿನಲ್ಲಿವೆ.

ಪಾಪಾಗ್ನಿ ಮಠದ ಬಳಿಯಿಂದ ಟಾರ್ಚ್ ಹಿಡಿದು ಹೊರಟವರು ತುದಿ ಮುಟ್ಟುವ ಹೊತ್ತಿಗೆ ಮೂಡಣ ಕೆಂಪೇರಿರುತ್ತದೆ. ಏದುಸಿರು ಹದಕ್ಕೆ ಬಂದ ಮೇಲೆ ತಲೆಯೆತ್ತಿ ನೋಡಿದರೆ ಕೆಳಗೆ ನೆಲವೇ ಇಲ್ಲ. ಚಿಕ್ಕಬಳ್ಳಾಪುರವಿಲ್ಲ, ಕಳವಾರ ಹಳ್ಳಿಯಿಲ್ಲ, ಹೊಲವಿಲ್ಲ, ಹೆದ್ದಾರಿಯಿಲ್ಲ. ಹಾಲು ಉಕ್ಕಿ ನಿಂತ ಹಾಗೆ ಮಂಜು. ಅದರ ನಡುವೆ ನಡುಗಡ್ಡೆಯಂತೆ ನಂದಿಬೆಟ್ಟದ ನೆತ್ತಿ.

ಮಾಗಿಯ ಚಳಿಯಲ್ಲಿ ಇಲ್ಲಿಗೆ ಜನ ಬರುವುದು ಈ ಅರ್ಧ ಗಂಟೆಗಾಗಿ. ಮೊಬೈಲುಗಳು ಮೇಲೇಳುತ್ತವೆ. ಯಾರೋ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾರೆ. ಬಿಸಿಲು ಬಲಿಯುತ್ತಿದ್ದಂತೆ ಒಬ್ಬೊಬ್ಬರಾಗಿ ಇಳಿಯಲು ಹೊರಡುತ್ತಾರೆ.

ಇಳಿಯದೆ ಇನ್ನೊಂದಿಷ್ಟು ಹೊತ್ತು ಕೂತರೆ ಬೆಟ್ಟ ಬೇರೊಂದು ಕತೆ ತೆಗೆಯುತ್ತದೆ. ಮೊದಲು ಕಾಣುವುದು ನಾವು ಕೂತ ಜಾಗವೇ. ಅದು ಕೋಟೆಗೋಡೆಯಿಂದ ಉರುಳಿದ ಕಲ್ಲು. ಅಂಚಿನುದ್ದಕ್ಕೂ ಹೆಬ್ಬೆರಳು ಹಿಡಿಸುವಷ್ಟು ಗುಳಿಗಳ ಸಾಲು. ಬಂಡೆ ಸೀಳಲು ಕಲ್ಲುಕುಟಿಗರು ಬೆಣೆ ಹೊಡೆದ ಗುರುತು ಅದು. ಎಷ್ಟೋ ಮಳೆಗಾಲಗಳು ಹಾದು ಗುಳಿಯ ಬಾಯಿ ನುಣುಪಾಗಿದೆ. ಒಳಗೆ ಒಣಗಿದ ಪಾಚಿ, ಒಂದು ಇರುವೆ. ಬೆರಳಿಟ್ಟು ನೋಡಿದರೆ ಕಲ್ಲು ಇನ್ನೂ ರಾತ್ರಿಯ ಚಳಿಯಲ್ಲೇ ಇದೆ.

ಯಾವ ಕಾಲದಲ್ಲೋ ಬಂಡೆ ಒಡೆದು ಗೋಡೆ ಎಬ್ಬಿಸಿದರು. ಆ ಗೋಡೆ ಒಡೆದು ಮತ್ತೆ ಕಲ್ಲುರಾಶಿಯಾಯಿತು.

ಪಾಳೆಯಗಾರರ ಕಾಲದಿಂದ ಟಿಪ್ಪುವಿನವರೆಗೆ ಈ ಸೀಮೆಯ ಎಷ್ಟೋ ಬೆಟ್ಟಗಳು ದುರ್ಗಗಳಾಗಿದ್ದವು. ಎದುರಿನ ನಂದಿದುರ್ಗಕ್ಕೆ 1791ರಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೇನೆ ಮುತ್ತಿಗೆ ಹಾಕಿತು. ಕಡಿದಾದ ಬೆಟ್ಟಕ್ಕೆ ದಾರಿ ಕಡಿದು, ಫಿರಂಗಿಗಳನ್ನು ಮೇಲೆಳೆದು, ಗೋಡೆ ಬಿರುಕು ಬಿಡುವವರೆಗೆ ಹೊಡೆದು, ಅಕ್ಟೋಬರ್ 19ರಂದು ಕೋಟೆಯನ್ನು ಹಿಡಿಯಿತು. ಆ ಯುದ್ಧದಲ್ಲಿ ಸೇನೆಯ ಜೊತೆಗೇ ಚಿತ್ರಕಾರರೂ ಇದ್ದರು. ಅವರಲ್ಲೊಬ್ಬ ರಾಬರ್ಟ್ ಹೋಮ್, ಮೈಸೂರು ಸೀಮೆಯ ದೃಶ್ಯಗಳ ಪುಸ್ತಕವನ್ನು 1794ರಲ್ಲಿ ಹೊರತಂದ. ನಮ್ಮ ದುರ್ಗಗಳು ಯುರೋಪಿನ ಕಣ್ಣಿಗೆ ಬಿದ್ದದ್ದು ಹೀಗೆ, ಅವನ್ನು ಗೆಲ್ಲಲು ಬಂದವರ ಕುಂಚದಲ್ಲಿ. ಒಡೆದವನು ಬರೆದ ಚಿತ್ರ ಅದು. ಒಡೆಸಿಕೊಂಡವರ ಚಿತ್ರ ಯಾವುದು ಎಂಬ ಪ್ರಶ್ನೆ ಇಟ್ಟುಕೊಂಡೇ ನಾನು ಈ ಬೆಟ್ಟ ಇಳಿಯುತ್ತೇನೆ.

ಬೆಟ್ಟ ಜಲ್ಲಿಯಾಗುವ ಬಗೆ

ಹೈದರಾಬಾದ್ ಹೆದ್ದಾರಿ ಹಿಡಿದು ಬಾಗೇಪಲ್ಲಿ ಕಡೆಗೆ ಹೋದವರು ನೋಡಿರುತ್ತಾರೆ. ಹಸಿರು ಹೊದ್ದ ಗುಡ್ಡದ ಒಂದು ಮಗ್ಗುಲು ಇದ್ದಕ್ಕಿದ್ದಂತೆ ಬಿಳಿಚಿಕೊಂಡಿರುತ್ತದೆ. ಬ್ರೆಡ್ಡು ಕೊಯ್ದ ಹಾಗೆ ನೆಟ್ಟಗೆ ಕತ್ತರಿಸಿದ ಬಂಡೆ, ಕೆಳಗೆ ಹಸಿರುಗಟ್ಟಿದ ನೀರಿನ ಹೊಂಡ, ಪಕ್ಕದಲ್ಲಿ ಕ್ರಷರಿನ ಸದ್ದು, ಸುತ್ತಲಿನ ಜಾಲಿಯ ಎಲೆಯ ಮೇಲೂ ಕಲ್ಲಿನ ಹಿಟ್ಟು.

ಮೊದಲು ಈ ಕೆಲಸ ನಿಧಾನದ್ದಾಗಿತ್ತು. ಬಂಡೆಯ ಮೇಲೆ ಸೌದೆ ಹರಡಿ ಬೆಂಕಿ ಕೊಡುತ್ತಿದ್ದರು. ಕಾವಿಗೆ ಕಲ್ಲು ಉಬ್ಬಿ ಪದರವಾಗಿ ಏಳುತ್ತಿತ್ತು. ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಎಲ್ಲಿ ಬಿಟ್ಟಿದೆ ಎಂದು ಹೇಳುವ ಕಿವಿ ಕಲ್ಲುಕುಟಿಗರಿಗಿತ್ತು. ಚಪ್ಪಡಿ, ಸೈಜುಗಲ್ಲು, ಕಂಬ, ಬಾಗಿಲವಾಡ ಎಲ್ಲವೂ ಹಾಗೇ ಹೊರಟವು. ಈಗ ಯಂತ್ರ ಕೊರೆದ ಕುಳಿಗೆ ಮದ್ದು ತುಂಬಿ, ಕೇಪು ಇಟ್ಟು, ಒಂದೇ ಸಲಕ್ಕೆ ಮಗ್ಗುಲನ್ನೇ ಕೆಡವುತ್ತಾರೆ. ಬಿದ್ದದ್ದು ಕ್ರಷರಿನ ದವಡೆಗೆ ಹೋಗಿ ನಲವತ್ತರ ಜಲ್ಲಿ, ಇಪ್ಪತ್ತರ ಜಲ್ಲಿ ಆಗುತ್ತದೆ. ಇನ್ನೂ ಅರೆದರೆ ಎಂ-ಸ್ಯಾಂಡ್. ಹೊಳೆಯ ಮರಳು ತೀರಿದ ಮೇಲೆ ಗಾರೆಗೂ ಬೆಟ್ಟವೇ ಬೇಕಾಯಿತು.

ಬೆಂಗಳೂರಿನ ಅಪಾರ್ಟ್‌ಮೆಂಟಿನ ಹತ್ತನೆಯ ಮಹಡಿಯಲ್ಲಿ ನಿಂತವರು ಇಂಥ ಯಾವುದೋ ಗುಡ್ಡದ ಮೇಲೆ ನಿಂತಿದ್ದಾರೆ. ಭೂಕಂಪ, ಪ್ರವಾಹಗಳಲ್ಲಿ ಮೊದಲು ಊರು ಬೀಳುತ್ತದೆ, ಆಮೇಲೆ ಕಟ್ಟುತ್ತೇವೆ. ಇಲ್ಲಿ ಹಾಗಲ್ಲ. ಕಟ್ಟುವುದಕ್ಕೆಂದೇ ಒಡೆಯುತ್ತಿದ್ದೇವೆ. ಒಡೆಯುವುದು, ಕಟ್ಟುವುದು ಎರಡೂ ಒಂದೇ ಲಾರಿಯಲ್ಲಿ ಹೋಗುತ್ತವೆ.

ಹೀಗೆ ಒಡೆದದ್ದರ ಲೆಕ್ಕದಲ್ಲಿ ಮನುಷ್ಯರೂ ಸೇರುತ್ತಾರೆ. 2021ರ ಫೆಬ್ರುವರಿ 22ರ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ, ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿ ಬಳಿ ಜೆಲಟಿನ್ ಕಡ್ಡಿಗಳು ಸಿಡಿದವು. ಕ್ವಾರಿಗೆಂದು ತಂದು ಅಕ್ರಮವಾಗಿ ಇಟ್ಟುಕೊಂಡಿದ್ದ ಸ್ಫೋಟಕ ಅದು. ಕಣ್ಣಿಗೆ ಬೀಳದಂತೆ ಸಾಗಿಸಿ ಕಾಡಿನಂಚಿನಲ್ಲಿ ವಿಲೇವಾರಿ ಮಾಡಲು ಹೊರಟಾಗ ಸಿಡಿಯಿತು. ಆರು ಮಂದಿ ಸತ್ತರು. ಶಿವಮೊಗ್ಗದ ಹುಣಸೋಡಿನಲ್ಲಿ ಲಾರಿ ತುಂಬ ಸ್ಫೋಟಕ ಸಿಡಿದು ಸುತ್ತಲಿನ ಜಿಲ್ಲೆಗಳೇ ಬೆಚ್ಚಿಬಿದ್ದು ಆಗಿನ್ನೂ ತಿಂಗಳಾಗಿತ್ತು.

ವಾರ ಕಾಲ ಸುದ್ದಿ ಓಡಿತು, ಬಂಧನಗಳಾದವು. ಆಮೇಲೆ ಹಿರೇನಾಗವಲ್ಲಿ ಪತ್ರಿಕೆಯ ಪುಟಗಳಿಂದ ಇಳಿಯಿತು.

> ಒಂದೇ ವರ್ಷ, ಒಂದೇ ಜಿಲ್ಲೆ: 2021
>
> ಫೆಬ್ರುವರಿ: ಹಿರೇನಾಗವಲ್ಲಿ ಬಳಿ ಜೆಲಟಿನ್ ಸ್ಫೋಟ, 6 ಸಾವು.
>
> ಆಗಸ್ಟ್ 24ರ ರಾತ್ರಿ: ಭಾರೀ ಮಳೆಗೆ ನಂದಿಬೆಟ್ಟದಲ್ಲಿ ಭೂಕುಸಿತ. ಮೇಲೆ ಹೋಗುವ ರಸ್ತೆ ಕೊಚ್ಚಿಹೋಗಿ, ಬೆಟ್ಟ ಪ್ರವಾಸಿಗರಿಗೆ ಮತ್ತೆ ತೆರೆದದ್ದು ಡಿಸೆಂಬರ್ 1ಕ್ಕೆ.
>
> ನವೆಂಬರ್: ಎಡೆಬಿಡದ ಮಳೆ. ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಬಿದ್ದವು.
>
> ಡಿಸೆಂಬರ್ 22ರ ಬೆಳಿಗ್ಗೆ: ಐದಾರು ನಿಮಿಷಗಳ ಅಂತರದಲ್ಲಿ ಎರಡು ಲಘು ಕಂಪನ, ತೀವ್ರತೆ 2.9 ಮತ್ತು 3.0. ಮನೆಯೊಳಗಿದ್ದವರು ಹೊರಗೋಡಿ ಬಂದರು.

ಬೀದಿಗೆ ಬಿದ್ದ ರುಬ್ಬುಗಲ್ಲು

ನಾನು ಚಿಕ್ಕವನಾಗಿದ್ದಾಗ ಮಧ್ಯಾಹ್ನದ ಹೊತ್ತು ಬೀದಿಯಲ್ಲಿ ಒಂದು ಕೂಗು ಕೇಳುತ್ತಿತ್ತು. ಒರಳು, ರುಬ್ಬುಗಲ್ಲು, ಬೀಸುಕಲ್ಲು ಕುಟ್ಟಿಕೊಡುವವರ ಕೂಗು. ವರ್ಷಗಟ್ಟಲೆ ರುಬ್ಬಿ ರುಬ್ಬಿ ಕಲ್ಲು ನುಣ್ಣಗಾದರೆ ಹಿಟ್ಟು ನುಣ್ಣಗಾಗುವುದಿಲ್ಲ. ಆಗ ಚಾಣ ಹಿಡಿದು ಗುಳಿಯ ಒಳಮೈಗೆಲ್ಲ ಸಣ್ಣ ಸಣ್ಣ ಏಟು ಹಾಕಬೇಕು. ಟಿಕ್ ಟಿಕ್ ಎಂದು ಕಿಡಿ ಹಾರುತ್ತಿತ್ತು. ಅಂಗಳದ ತುಂಬ ಸುಟ್ಟ ಕಲ್ಲಿನ ವಾಸನೆ. ಮೊದಲ ದಿನ ಅಕ್ಕಿತೌಡು ರುಬ್ಬಿ ಚೆಲ್ಲಿ, ತೊಳೆದು, ಮಾರನೆಯ ದಿನದಿಂದ ಕಲ್ಲು ಮತ್ತೆ ಕೆಲಸಕ್ಕೆ. ಗಾಯ ಮಾಡಿದರೇ ಕಲ್ಲಿಗೆ ಜೀವ ಬರುವುದು ಎಂದು ಅಜ್ಜಿ ಹೇಳಿದ್ದು ಆಗ ಅರ್ಥವಾಗಿರಲಿಲ್ಲ.

ಮಿಕ್ಸರ್, ಗ್ರೈಂಡರ್ ಬಂದವು. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಅಡುಗೆಮನೆಯ ನೆಲದಲ್ಲಿ ಹೂತಿದ್ದ ರುಬ್ಬುಗಲ್ಲನ್ನು ಕಿತ್ತು ಹೊರಗಿಟ್ಟರು. ಅನ್ನ ಕೊಟ್ಟ ಕಲ್ಲು, ಒಡೆಯಲು ಮನಸ್ಸು ಬಾರದು. ಮನೆಯೊಳಗೆ ಜಾಗವೂ ಇಲ್ಲ. ಹಾಗಾಗಿ ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಮರದ ಬುಡಕ್ಕೆ, ಕಾಂಪೌಂಡಿನ ಮೂಲೆಗೆ, ಚರಂಡಿಯ ಪಕ್ಕಕ್ಕೆ ರುಬ್ಬುಗಲ್ಲುಗಳು ಬಂದು ಕೂತವು.

ದಿನಾ ಎಲ್ಲರೂ ನೋಡುವ ಈ ಕಲ್ಲುಗಳನ್ನು ನಿಜವಾಗಿ ನೋಡಿದವರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತು, ಬರೋಡ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಹಾದು ಬೆಂಗಳೂರಿಗೇ ಮರಳಿದವರು. 2012ರಲ್ಲಿ ಕೊಚ್ಚಿಯಲ್ಲಿ ಮೊದಲ ಬಿನಾಲೆ ನಡೆದಾಗ ಅವರೂ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಅವರೂ ಸೇರಿ ಇಂಥ ಸುಮಾರು 170 ಕಲ್ಲುಗಳನ್ನು ಕರ್ನಾಟಕದಿಂದ ಕೊಚ್ಚಿಗೆ ಸಾಗಿಸಿದರು. ಹಳೆಯ ಬಂದರಿನ ಆಸ್ಪಿನ್‌ವಾಲ್ ಹೌಸಿನ ಅಂಗಳದಲ್ಲಿ ಅವನ್ನು ಹರಡಿದರು. ಕೃತಿಯ ಹೆಸರು ‘ಸ್ಟಾಪೋವರ್’, ಅಂದರೆ ನಡುದಾರಿಯ ತಂಗು.

ಆ ಕಲ್ಲುಗಳ ಅರ್ಧ ಭಾಗ ನಯ, ಅರ್ಧ ಭಾಗ ಒರಟು. ನೆಲದ ಮೇಲಿದ್ದಷ್ಟಕ್ಕೆ ಕೈ ತಾಗಿದೆ, ಹಿಟ್ಟು ತಾಗಿದೆ, ನೀರು ತಾಗಿದೆ. ನೆಲದೊಳಗೆ ಹೂತಿದ್ದದ್ದು ಕ್ವಾರಿಯಿಂದ ಬಂದಾಗ ಹೇಗಿತ್ತೋ ಹಾಗೇ ಇದೆ. ಬೇರು ಸಮೇತ ಕಿತ್ತ ಹಲ್ಲಿನ ಹಾಗೆ. ಒಂದು ಮನೆ ಹೋಯಿತು ಎಂದು ಹೇಳಲು ಇದಕ್ಕಿಂತ ಹೆಚ್ಚಿನ ಮಾತು ಬೇಕಿಲ್ಲ.

ಶೀಲಾ ಗೌಡರ ಕೈ ಮೊದಲಿನಿಂದಲೂ ಹೀಗೆಯೇ. ಕುಂಚ ಹಿಡಿದು ಚಿತ್ರ ಬರೆಯುತ್ತಿದ್ದವರು 1992–93ರ ಮುಂಬಯಿ ಗಲಭೆಗಳ ಹೊತ್ತಿಗೆ ಬಣ್ಣ ಬಿಟ್ಟು ಸೆಗಣಿ ಕೈಗೆತ್ತಿಕೊಂಡರು. ನಮ್ಮ ಹೆಂಗಸರು ನೆಲ ಸಾರಿಸುವ, ಬೆರಣಿ ತಟ್ಟುವ ಸೆಗಣಿ. ದೇಶ ಒಡೆದ ಸದ್ದು ಕೇಳಿದ ಕಲಾವಿದೆಗೆ ಅಂಗಡಿಯ ಬಣ್ಣ ಸಾಲದಾಯಿತು.

2007ರಲ್ಲಿ ಜರ್ಮನಿಯ ಕಾಸೆಲ್ ನಗರದ ‘ಡಾಕ್ಯುಮೆಂಟಾ’ ಪ್ರದರ್ಶನದಲ್ಲಿ ಅವರ ‘ಕೊಲ್ಯಾಟರಲ್’ ಇತ್ತು. ಬಾಂಬು ಹಾಕಿದವರು ಸತ್ತ ಸಾಮಾನ್ಯರನ್ನು ಲೆಕ್ಕಕ್ಕೆ ಬರೆಯುವಾಗ ಬಳಸುವ ಮಾತು ಅದು, ಅಕ್ಕಪಕ್ಕದ ಹಾನಿ. ಕೃತಿಗೆ ಬಳಸಿದ್ದು ಊದಿನಕಡ್ಡಿ ಹೊಸೆಯುವ ಹಿಟ್ಟು, ಇದ್ದಿಲು ಮತ್ತು ತೊಗಟೆಯ ಪುಡಿ. ಅದನ್ನು ನಾದಿ, ಆಕಾರ ಕೊಟ್ಟು, ಜಾಲರಿಯ ಚೌಕಟ್ಟುಗಳ ಮೇಲಿಟ್ಟು ಬೆಂಕಿ ಹಚ್ಚಿದರು. ನಿಧಾನಕ್ಕೆ ಉರಿದು ಬೂದಿಯಾಯಿತು. ನೋಡುಗರ ಮುಂದೆ ಉಳಿದದ್ದು ಬೂದಿಯ ಆಕಾರ ಮಾತ್ರ. ಮೇಲಿಂದ ಕಂಡ ಸುಟ್ಟ ಊರಿನ ಹಾಗೆ. ಉಸಿರು ಬಿಗಿಹಿಡಿದು ನೋಡಬೇಕು, ಜೋರಾಗಿ ಸೀನಿದರೂ ಹಾರಿಹೋಗುವಂಥದ್ದು. ಬೆಂಗಳೂರಿನ ಸಾವಿರಾರು ಮನೆಗಳಲ್ಲಿ ಹೆಂಗಸರು ಕೂತು ಊದಿನಕಡ್ಡಿ ಹೊಸೆದಿದ್ದಾರೆ. ಜಗತ್ತಿನ ಯುದ್ಧಗಳ ಬಗ್ಗೆ ಆ ಹಿಟ್ಟು ಮಾತಾಡಬಲ್ಲದು ಎಂದು ಕಂಡದ್ದು ದೊಡ್ಡ ಕಾಣ್ಕೆ.

2011ರ ‘ಆಫ್ ಆಲ್ ಪೀಪಲ್’ ಕೃತಿಯಲ್ಲಿ ಹಳೆಯ ಮನೆಗಳ ಬಾಗಿಲವಾಡ, ಕಿಟಕಿ, ಕಂಬಗಳಿವೆ. ಅವುಗಳ ಮೇಲೆ, ಕೆಳಗೆ, ಸಂದಿಯಲ್ಲಿ ಹರಕೆಯ ಗೊಂಬೆಯಂಥ ಸಾವಿರಾರು ಪುಟ್ಟ ಮರದ ಚೂರುಗಳು. ದೂರದಿಂದ ಮರದ ಸಿಬಿರು, ಹತ್ತಿರ ಹೋದರೆ ಜನ.

ಕಾಸೆಲ್‌ನ ಕಲ್ಲು, ವಿದುರಾಶ್ವತ್ಥದ ಕಲ್ಲು

ಆ ಬೂದಿಯ ಕೃತಿ ಕಾಸೆಲ್‌ಗೆ ಹೋದದ್ದರಲ್ಲಿ ಒಂದು ಸರಿತನವಿದೆ. 1943ರ ಅಕ್ಟೋಬರ್ 22ರ ರಾತ್ರಿಯ ಬಾಂಬ್ ದಾಳಿಗೆ ಆ ಊರು ಸುಟ್ಟುಹೋಯಿತು. ಯುದ್ಧ ಮುಗಿದು ಹತ್ತು ವರ್ಷವಾದರೂ ಅಲ್ಲಿನ ಫ್ರಿಡೆರಿಶಿಯಾನುಮ್ ಮ್ಯೂಸಿಯಂ ಪೂರ್ತಿ ದುರಸ್ತಿಯಾಗಿರಲಿಲ್ಲ. 1955ರಲ್ಲಿ ಆರ್ನೋಲ್ಡ್ ಬೋಡೆ ಎಂಬ ಕಲಾವಿದ ಆ ಹಾಳುಗಟ್ಟಡದಲ್ಲೇ, ಗಾರೆ ಕಾಣದ ಇಟ್ಟಿಗೆ ಗೋಡೆಗಳ ನಡುವೆ ಪ್ರದರ್ಶನ ಏರ್ಪಡಿಸಿದ. ನಾಜಿಗಳು ಕೊಳಕು ಎಂದು ಅಟ್ಟಿದ್ದ ಆಧುನಿಕ ಚಿತ್ರಗಳು ಮತ್ತೆ ಜನರೆದುರು ನಿಂತವು. ಡಾಕ್ಯುಮೆಂಟಾ ಶುರುವಾದದ್ದು ಹೀಗೆ.

1982ರಲ್ಲಿ ಅದೇ ಮ್ಯೂಸಿಯಂ ಎದುರು ಯೋಸೆಫ್ ಬಾಯ್ಸ್ 7000 ಕರಿಗಲ್ಲಿನ ಕಂಬಗಳನ್ನು ರಾಶಿ ಹಾಕಿಸಿದ. ಊರವರು ಸಿಟ್ಟಾದರು. ಬಾಂಬು ಬಿದ್ದ ದಿನಗಳನ್ನು ಕಂಡವರಿಗೆ ಮತ್ತೆ ಕಲ್ಲುರಾಶಿ ನೋಡುವುದು ಹಿತವಾದೀತೆ? ಬಾಯ್ಸ್ ಇಟ್ಟ ನಿಯಮ ಒಂದೇ. ಊರೊಳಗೆ ಒಂದು ಓಕ್ ಸಸಿ ನೆಟ್ಟರೆ ಮಾತ್ರ ರಾಶಿಯಿಂದ ಒಂದು ಕಲ್ಲು ಎತ್ತಿ ಆ ಸಸಿಯ ಪಕ್ಕ ನಿಲ್ಲಿಸಬೇಕು. ರಾಶಿ ಕರಗಬೇಕಾದರೆ ಮರ ಬೆಳೆಯಬೇಕು. ಐದು ವರ್ಷ ಹಿಡಿಯಿತು. 1986ರಲ್ಲಿ ಬಾಯ್ಸ್ ತೀರಿಕೊಂಡ. 1987ರಲ್ಲಿ ಕೊನೆಯ ಸಸಿಯನ್ನು ನೆಟ್ಟದ್ದು ಅವನ ಮಗ. ಮೊದಲಿಗೆ ಕಲ್ಲು ದೊಡ್ಡದು, ಸಸಿ ಚಿಕ್ಕದು. ಈಗ ಮರ ಆಕಾಶಕ್ಕೆ ಹೋಗಿದೆ, ಕಲ್ಲು ಅದರ ಕಾಲಬುಡದಲ್ಲಿ ಕೂತಿದೆ.

ಮರದ ಬುಡದಲ್ಲಿ ಕಲ್ಲು. ಇದನ್ನು ಕನ್ನಡದವರಿಗೆ ವಿವರಿಸಬೇಕೆ?

ಗೌರಿಬಿದನೂರಿನಿಂದ ಹಿಂದೂಪುರದ ದಾರಿಯಲ್ಲಿ, ಉತ್ತರ ಪಿನಾಕಿನಿಯ ದಂಡೆಯಲ್ಲಿ ವಿದುರಾಶ್ವತ್ಥವಿದೆ. ಮಹಾಭಾರತದ ವಿದುರ ನೆಟ್ಟ ಅಶ್ವತ್ಥ ಎಂದು ಜನರ ನಂಬಿಕೆ. ಮಕ್ಕಳಾಗಲಿ ಎಂದು, ನಾಗದೋಷ ಕಳೆಯಲಿ ಎಂದು ಹರಕೆ ಹೊತ್ತವರು ತಂದು ನಿಲ್ಲಿಸಿದ ನಾಗರಕಲ್ಲುಗಳು ಅಲ್ಲಿ ಸಾವಿರಾರು. ಹೆಣೆದುಕೊಂಡ ಎರಡು ಹಾವು, ಬಿಚ್ಚಿದ ಹೆಡೆ, ನಡುವೆ ಒಂದು ಲಿಂಗ. ಕೆಲವು ಎಣ್ಣೆ ಕುಡಿದು ಕಪ್ಪಗೆ ಮಿಂಚುತ್ತವೆ. ಕೆಲವಕ್ಕೆ ನಿನ್ನೆ ಹಚ್ಚಿದ ಅರಿಸಿನ. ಹಿಂದಿನ ಸಾಲಿನವುಗಳ ಹೆಡೆ ಸವೆದು ಬರೀ ಉಬ್ಬು ಉಳಿದಿದೆ. ಕಲ್ಲಿಗೆ ಕಲ್ಲು ಒತ್ತಿಕೊಂಡು, ಭುಜಕ್ಕೆ ಭುಜ ತಾಗಿಸಿ ನಿಂತ ಜನಜಂಗುಳಿಯ ಹಾಗೆ. ಒಂದೊಂದು ಕಲ್ಲಿನ ಹಿಂದೆ ಒಂದೊಂದು ಮನೆಯ ಅಳು ಇದೆ.

2001ರಲ್ಲಿ ಆ ಮಹಾವೃಕ್ಷ ಉರುಳಿತು. ಮರ ಹೋಯಿತು, ಊರಿಗೆ ಹೆಸರು ಉಳಿಯಿತು, ಕಲ್ಲುಗಳು ಉಳಿದವು. ಜನ ಬರುವುದನ್ನು ನಿಲ್ಲಿಸಲಿಲ್ಲ. ಕಲ್ಲು ನಿಲ್ಲಿಸುವುದನ್ನೂ ನಿಲ್ಲಿಸಲಿಲ್ಲ.

ಆ ಜಾಗ ಮನುಷ್ಯರು ಉರುಳಿದ್ದನ್ನೂ ಕಂಡಿದೆ. 1938ರ ಏಪ್ರಿಲ್ 25ರಂದು, ಜಾತ್ರೆಗೆ ಜನ ಸೇರುವ ಇದೇ ನೆಲದಲ್ಲಿ ಧ್ವಜ ಸತ್ಯಾಗ್ರಹದ ಸಭೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಸತ್ತವರ ಸ್ಮಾರಕದ ಎದುರು ನಿಂತು, ಹಿಂದಿರುಗಿ ನಾಗರಕಲ್ಲುಗಳ ಸಾಲಿಗೆ ಬಂದಾಗ ನನಗೆ ಕಾಸೆಲ್ ದೂರವೆನಿಸಲಿಲ್ಲ. ಬಾಯ್ಸ್‌ನನ್ನು ಇಪ್ಪತ್ತನೆಯ ಶತಮಾನದ ದೊಡ್ಡ ಕಲಾವಿದರ ಸಾಲಿನಲ್ಲಿ ಓದಿಸುತ್ತೇವೆ, ಓದಿಸಬೇಕಾದ್ದೇ. ಅದೇ ಪಾಠದ ಪಕ್ಕದಲ್ಲಿ ಅಶ್ವತ್ಥಕಟ್ಟೆಯ ಒಂದು ಚಿತ್ರ ಇದ್ದರೆ ನಮ್ಮ ಕಲಾಶಾಲೆಯ ಮಕ್ಕಳಿಗೆ ತಾವು ಎಲ್ಲಿ ನಿಂತಿದ್ದೇವೆ ಎಂದು ತಿಳಿಯುತ್ತಿತ್ತು.

> ವಿದುರಾಶ್ವತ್ಥ, 1938
>
> ಮದ್ದೂರು ಬಳಿಯ ಶಿವಪುರದಲ್ಲಿ ಏಪ್ರಿಲ್ ತಿಂಗಳಲ್ಲೇ ಧ್ವಜ ಸತ್ಯಾಗ್ರಹ ನಡೆದಿತ್ತು. ಅದರ ಬೆನ್ನಿಗೇ ವಿದುರಾಶ್ವತ್ಥದ ಸಭೆ. ಗೋಲಿಬಾರಿನಲ್ಲಿ ಸತ್ತವರ ಸರ್ಕಾರಿ ಲೆಕ್ಕವನ್ನು ಜನ ಒಪ್ಪಲಿಲ್ಲ. ಊರವರ ನೆನಪಿನಲ್ಲಿ ಉಳಿದಿರುವ ಸಂಖ್ಯೆ 30ಕ್ಕೂ ಮೇಲೆ.
>
> ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಹೆಸರಾದ ಈ ಘಟನೆಯ ನಂತರ ಸರ್ದಾರ್ ಪಟೇಲರು ಮೈಸೂರು ಸಂಸ್ಥಾನಕ್ಕೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತಾಡಿದರು. ಸಂಸ್ಥಾನದ ಬಾವುಟದ ಜೊತೆಯಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಒಪ್ಪಿಗೆ ಸಿಕ್ಕಿತು.
>
> ಇಂದು ಅಲ್ಲಿ ಹುತಾತ್ಮರ ಸ್ಮಾರಕವಿದೆ. ವೀರಸೌಧದಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳನ್ನು ನೋಡಬಹುದು.

ಸಿಮೆಂಟು ಹೊದ್ದ ಊರು, ನೆಟ್ಟಗಾದ ಕಂಬಿ

ಇಟಲಿಯ ಸಿಸಿಲಿ ದ್ವೀಪದಲ್ಲಿ ಗಿಬೆಲ್ಲಿನಾ ಎಂಬ ಊರು 1968ರ ಜನವರಿಯ ಭೂಕಂಪಕ್ಕೆ ನೆಲಸಮವಾಯಿತು. ಹೊಸ ಊರನ್ನು ದೂರದಲ್ಲಿ ಕಟ್ಟಿದರು. ಹಳೆಯ ಊರಿನ ಅವಶೇಷವನ್ನು ಏನು ಮಾಡುವುದು? ಆಲ್ಬರ್ಟೊ ಬುರ್ರಿ ಎಂಬ ಕಲಾವಿದ ಅದರ ಮೇಲೆ ಬಿಳಿ ಸಿಮೆಂಟಿನ ಹೊದಿಕೆ ಹಾಕಿದ. ಹಳೆಯ ಬೀದಿಗಳಿದ್ದ ಕಡೆ ಬಿರುಕಿನಂತೆ ಓಣಿಗಳನ್ನು ಬಿಟ್ಟ. 1984ರಲ್ಲಿ ಶುರುವಾದ ಕೆಲಸ ನಡುವೆ ನಿಂತು, ಅವನು ಸತ್ತು, 2015ರಲ್ಲಿ ಪೂರ್ತಿಯಾಯಿತು. ಸತ್ತ ಊರಿನ ಬೀದಿಗಳಲ್ಲಿ ಇವತ್ತೂ ನಡೆಯಬಹುದು, ಮನೆಗಳು ಮಾತ್ರ ಇಲ್ಲ. ಆ ಕೃತಿಯ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ಅದು ಭವ್ಯ, ನಿಜ. ಆದರೆ ಒಡೆದ ತಟ್ಟೆ, ತೊಟ್ಟಿಲು, ಬಾಗಿಲ ಚಿಲಕ ಎಲ್ಲವೂ ಸಿಮೆಂಟಿನಡಿ ಮುಚ್ಚಿಹೋದವು. ಮುಚ್ಚುವ ಹಕ್ಕು ಯಾರದು?

ಚೀನಾದ ಐ ವೈವೈ ಹಿಡಿದದ್ದು ಎದುರು ದಾರಿ. 2008ರ ಮೇ 12ರಂದು ಸಿಚುವಾನ್ ಭೂಕಂಪದಲ್ಲಿ ಕಳಪೆ ಶಾಲಾ ಕಟ್ಟಡಗಳು ಕುಸಿದು ಐದು ಸಾವಿರಕ್ಕೂ ಹೆಚ್ಚು ಮಕ್ಕಳು ಸತ್ತರು. ಅವರ ಹೆಸರುಗಳನ್ನು ಸರ್ಕಾರ ಹೇಳದಿದ್ದಾಗ ಐ ವೈವೈ ಮತ್ತು ಅವನ ಜೊತೆಗಾರರು ಮನೆಮನೆಗೆ ಹೋಗಿ ಕೇಳಿ ಪಟ್ಟಿ ಮಾಡಿದರು. ಕುಸಿದ ಶಾಲೆಗಳಿಂದ ಸೊಟ್ಟಗಾದ ಕಬ್ಬಿಣದ ಕಂಬಿಗಳನ್ನು ತಂದು, ಕೆಲಸಗಾರರು ಒಂದೊಂದನ್ನೇ ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದರು. ‘ಸ್ಟ್ರೇಟ್’ ಎಂಬ ಆ ಕೃತಿಯಲ್ಲಿ ಸುಮಾರು 150 ಟನ್ ಕಂಬಿ ನೆಲದ ಮೇಲೆ ಅಲೆಯಂತೆ ಮಲಗಿದೆ. ಕೆಲಸ ನಾಲ್ಕು ವರ್ಷ ನಡೆಯಿತು. ಕಂಬಿ ಮೊದಲಿನಂತಾಯಿತು, ಮಕ್ಕಳು ಬರಲಿಲ್ಲ. ಆ ಎರಡರ ನಡುವಿನ ಅಂತರವನ್ನು ಸುತ್ತಿಗೆಯ ಒಂದೊಂದು ಏಟೂ ಅಳೆಯುತ್ತದೆ.

ದುರಂತದ ಬಗ್ಗೆ ಚಿತ್ರ ಬರೆಯುವುದು ಸುಲಭ. ಕೆಂಪು ಬಣ್ಣ, ಚಾಚಿದ ಕೈ, ತೆರೆದ ಬಾಯಿ. ನೋಡಿ ಮರೆಯುತ್ತೇವೆ. ಮನಸ್ಸಿನಲ್ಲಿ ನಿಲ್ಲುವುದು ದುರಂತದ ವಸ್ತುವನ್ನೇ ಮುಟ್ಟಿದ, ಅದರ ಮೇಲೆ ವರ್ಷಗಟ್ಟಲೆ ದುಡಿದ ಕೆಲಸ. ರುಬ್ಬುಗಲ್ಲು, ಬೂದಿ, ಕಂಬಿ, ಬಾಗಿಲವಾಡ.

ನಮ್ಮ ಹೊಲದ ಅಂಚಿನ ಕಲಾಶಾಲೆ

ಹಳೆಯ ಕೋಲಾರ ಜಿಲ್ಲೆ, ಅಂದರೆ ಇಂದಿನ ಚಿಕ್ಕಬಳ್ಳಾಪುರವೂ ಸೇರಿದ ಈ ಸೀಮೆ, ಗಂಗ, ಬಾಣ, ನೊಳಂಬರ ಕಾಲದ ವೀರಗಲ್ಲುಗಳಿಗೆ ಹೆಸರಾದದ್ದು. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಬೇವಿನ ಮರದಡಿ ಅರ್ಧ ಹೂತು ನಿಂತಿರುತ್ತವೆ. ಹಲವು ದನ ಉಳಿಸಲು ಹೋಗಿ ಸತ್ತವರದ್ದು. ತುರುಗೋಳ್, ಅಂದರೆ ದನಗಳ ಸೂರೆ, ನಡೆದಾಗ ಅವನ್ನು ಬಿಡಿಸಲು ಹೊಡೆದಾಡಿ ಮಡಿದ ಊರಾಳುಗಳು. ಅವರು ರಾಜರಲ್ಲ. ಮಂಡ್ಯದ ಆತಕೂರಿನಲ್ಲಂತೂ ಹತ್ತನೆಯ ಶತಮಾನದಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿದರು.

ಮೂರು ಪಟ್ಟಿಕೆಗಳ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಬಿದ್ದ ಆಳು, ಚುಚ್ಚಿದ ಬಾಣ. ನಡುವೆ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಎತ್ತುತ್ತಿದ್ದಾರೆ. ಮೇಲೆ ಕೈಲಾಸ, ಲಿಂಗದ ಮುಂದೆ ಕೂತ ಅದೇ ಆಳು. ಮೂರರಲ್ಲಿ ನನ್ನ ಕಣ್ಣು ಯಾವಾಗಲೂ ನಿಲ್ಲುವುದು ನಡುವಿನದರ ಮೇಲೆ. ಅಲ್ಲಿ ಸತ್ತವನ ಕಾಲು ನೆಲ ಬಿಟ್ಟಿದೆ, ಇನ್ನೂ ಎಲ್ಲಿಗೂ ತಲುಪಿಲ್ಲ. ಹೊತ್ತವರ ತೋಳಿಗೆ ಅವನ ಭಾರ ಬಿದ್ದಿರುವುದು ಅವರ ಬಾಗಿದ ಮೊಣಕಾಲಿನಲ್ಲಿ ಕಾಣುತ್ತದೆ. ಸಾವಿರ ವರ್ಷದ ಹಿಂದೆ ಹಳ್ಳಿಯ ರೂವಾರಿಯೊಬ್ಬ ಆ ಭಾರವನ್ನು ಕಂಡಿದ್ದಾನೆ, ಕಲ್ಲಿನಲ್ಲಿ ಹಿಡಿದಿದ್ದಾನೆ.

ಊರು ಆ ಕಲ್ಲನ್ನು ಮ್ಯೂಸಿಯಮ್ಮಿಗೆ ಕೊಡಲಿಲ್ಲ. ಸತ್ತ ಜಾಗದಲ್ಲೇ, ಉಳುವವರ ಕಣ್ಣೆದುರು ನಿಲ್ಲಿಸಿತು. ಬೆಟ್ಟ ಇಳಿಯುವಾಗ ನಾನು ಹೊತ್ತು ತಂದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಒಡೆಸಿಕೊಂಡವರ ಚಿತ್ರ ಇದು.

ಈ ಬಳುವಳಿ ಇರುವ ನಾಡಿನಲ್ಲಿ, ನಮ್ಮ ಮನೆಗಳ ಜಲ್ಲಿಗಾಗಿ ನಡೆಯುವ ಕೆಲಸದ ನಡುವೆ ಸತ್ತವರನ್ನು ನಾವು ಸಂಖ್ಯೆಯಾಗಿ ಮಾತ್ರ ನೆನೆಯುತ್ತೇವೆ. ಹುಣಸೋಡು, ಹಿರೇನಾಗವಲ್ಲಿ ಎಂಬ ಊರ ಹೆಸರುಗಳು ಗೊತ್ತು. ಮನುಷ್ಯರ ಹೆಸರು ಯಾರಿಗೆ ಗೊತ್ತು? ಕಾನೂನಿನ ಲೆಕ್ಕವನ್ನು ನ್ಯಾಯಾಲಯ ನೋಡಿಕೊಳ್ಳಲಿ. ನೆನಪಿನ ಲೆಕ್ಕ ನಮ್ಮದು.

ಅದಕ್ಕೆ ಒಂದು ಕೋರಿಕೆ. ಕರ್ನಾಟಕ ಶಿಲ್ಪಕಲಾ ಅಕಾಡೆಮಿ, ಲಲಿತಕಲಾ ಅಕಾಡೆಮಿಗಳು ಶಿಬಿರ ನಡೆಸುತ್ತವೆ. ಒಂದು ಶಿಬಿರ ಚಿಕ್ಕಬಳ್ಳಾಪುರದಲ್ಲಿ ನಡೆಯಲಿ. ಕಲ್ಲನ್ನು ಹೊಸದಾಗಿ ಸೀಳುವುದು ಬೇಡ. ಕ್ವಾರಿಗಳ ಬಾಯಲ್ಲಿ ಜಲ್ಲಿಗೂ ಬಾರದೆ, ಚಪ್ಪಡಿಗೂ ಬಾರದೆ ಬಿದ್ದಿರುವ ಬಂಡೆಚೂರು ಸಾಕಷ್ಟಿದೆ. ಚಿತ್ರಕಲಾ ಪರಿಷತ್ತಿನ, ಕೆನ್ ಶಾಲೆಯ ಮಕ್ಕಳು ಬರಲಿ. ಅವರ ಜೊತೆ ಈ ಸೀಮೆಯ ಕಲ್ಲುಕುಟಿಗರು ಸಮಕ್ಕೆ ಸಮವಾಗಿ ಕೂರಲಿ, ಬಂಡೆಯ ಸದ್ದು ಕೇಳಿ ಅದರ ಒಳಗನ್ನು ಹೇಳುವ ವಿದ್ಯೆ ಅವರದು. ಜಿಲ್ಲಾಡಳಿತ ಒಂದು ತುಂಡು ನೆಲ ಕೊಡಲಿ.

ಹಿರೇನಾಗವಲ್ಲಿಯಲ್ಲಿ ತೀರಿಕೊಂಡವರ ಮನೆಯವರನ್ನು ಕೇಳಿ, ಅವರು ಒಪ್ಪಿದರೆ, ಅಲ್ಲಿ ಆರು ಕಲ್ಲು ನಿಲ್ಲಲಿ. ಒಂದೊಂದರ ಮೇಲೆ ಒಂದೊಂದು ಹೆಸರು ಇರಲಿ. ಪ್ರತಿ ಕಲ್ಲಿನ ಪಕ್ಕ ಒಂದು ಅಶ್ವತ್ಥದ ಸಸಿ ನೆಡಿ, ಸಸಿಯನ್ನು ವಿದುರಾಶ್ವತ್ಥದಿಂದ ತನ್ನಿ. ಅವರು ತೀರಿಕೊಂಡ ಫೆಬ್ರುವರಿಯಲ್ಲೇ ನೆಟ್ಟರೆ ಬಿಸಿಲು ಏರತೊಡಗಿರುತ್ತದೆ, ಮೊದಲ ಎರಡು ಬೇಸಿಗೆ ನೀರು ಹೊರುವವರು ಬೇಕು.